ಬೂದಿ ಹೊಂಡದ ವಿಳಾಸ

“ಬೂದಿ ಹೊಂಡದೊಳಗೆ ಯಾರಾದ್ರೂ ಸಂಸಾರ ಮಾಡ್ತಾರಾ? ನೀನೇ ಹೇಳು. ಹಂದಿನೂ ಅಲ್ಲಿ ಮಲಗಲ್ಲ.”

ಕಿಂಡಿಯ ಗಾಜಿನಾಚೆ ಮೆರಿಲ್ ಸ್ಟಬ್ಸ್ ನನ್ನಜ್ಜಿಯ ಅರ್ಜಿಯನ್ನು ಸತ್ತ ಇಲಿಯ ಬಾಲ ಹಿಡಿದಂತೆ ಎರಡು ಬೆರಳಲ್ಲಿ ಎತ್ತಿ ಹಿಡಿದಿದ್ದ. ಕೌಂಟಿಯ, ಅಂದರೆ ಇಲ್ಲಿನ ಜಿಲ್ಲೆಯ, ಮತದಾರರ ಪಟ್ಟಿ ನೋಡಿಕೊಳ್ಳುವ ಗುಮಾಸ್ತ ಅವನು. ಅಜ್ಜಿ ಝೋನಿ ಬಿಟ್ಸಿಲಿಗೆ ಇಂಗ್ಲಿಷ್ ಬರುವುದಿಲ್ಲ. ಆದರೆ ಹಂದಿ ಎಂಬ ಪದ ಗೊತ್ತು. ಆರು ವರ್ಷದವಳಿದ್ದಾಗ ಅವಳನ್ನು ಹಿಡಿದೊಯ್ದು ಹಾಕಿದ್ದ ಸರ್ಕಾರಿ ವಸತಿ ಶಾಲೆಯಲ್ಲಿ ಕಲಿತ ಎಂಟ್ಹತ್ತು ಪದಗಳಲ್ಲಿ ಅದೂ ಒಂದು.

“ಏನಂತೆ ಹಂದೀದು?” ಅಜ್ಜಿ ಕೇಳಿದಳು.

“ನಿನ್ ಮನೆ ಬೂದಿ ಹೊಂಡದೊಳಗೈತೆ ಅಂತಾವ್ನೆ ಅಜ್ಜಿ.”

“ಅವರ ಬೂದಿ ನಮ್ಮನೆ ಒಳಗೈತೆ. ತಿರುಗಾ ಮುರುಗಾ ಹೇಳ್ತಾವ್ನೆ ಬಡ್ಡೀಮಗ. ಸರಿಯಾಗಿ ಹೇಳ್ಕೊಡು ಅವನಿಗೆ.”

ನಾನು ಅದನ್ನು ಇಂಗ್ಲಿಷಿಗೆ ತಿರುಗಿಸಲಿಲ್ಲ.

ಇಲ್ಲಿನ ಮೂಲನಿವಾಸಿಗಳಾದ ನಮ್ಮ ಡಿನೆ ಜನರ ಸೀಮೆಯಲ್ಲಿ ಮನೆಗಳಿಗೆ ಸಂಖ್ಯೆಯಿಲ್ಲ, ಬೀದಿಗಳಿಗೆ ಹೆಸರಿಲ್ಲ, ಬೀದಿಗಳೇ ಇಲ್ಲ. ಅಂಥವರಿಗಾಗಿ ಅರ್ಜಿಯ ಕೆಳಗೆ ಒಂದು ಚೌಕ ಇರುತ್ತದೆ. ಅದರಲ್ಲಿ ಹತ್ತಿರದ ದಾರಿ, ಹಳ್ಳ, ಗುರುತಿನ ಜಾಗ ಬರೆದು, ಮನೆ ಇರುವಲ್ಲಿ ಇಂಟು ಗುರುತು ಹಾಕಬೇಕು. ಚೌಕದ ಮೂಲೆಯಲ್ಲಿ ಮೊದಲೇ ಅಚ್ಚಾದ ಒಂದು ಬಾಣ, ಅದರ ತುದಿಯಲ್ಲಿ ಉತ್ತರ ಎಂಬ ಪದ. ಎರಡೂ ಸೇರಿ ಅಕ್ಕಿಕಾಳಿಗಿಂತ ದೊಡ್ಡದಲ್ಲ.

ಆ ಬಾಣವನ್ನು ನಾನು ನೋಡಬೇಕಿತ್ತು. ನಾನು ರಸಾಯನ ವಿಜ್ಞಾನ ಓದಿದವಳು. ನಾಲ್ಕು ರಾಜ್ಯಗಳಲ್ಲಿ ಶುದ್ಧ ಗಾಳಿ, ಬಿಸಿಲಿನ ವಿದ್ಯುತ್ತು, ನಮ್ಮವರ ಮತದ ಹಕ್ಕು ಎಂದು ಓಡಾಡುವ ಸಂಘವೊಂದರಲ್ಲಿ ಗಾಳಿಯ ಧೂಳು ಅಳೆಯುವ ಪೆಟ್ಟಿಗೆಗಳನ್ನು ನೋಡಿಕೊಳ್ಳುವುದು ನನ್ನ ಕೆಲಸ. ದಶಮಾಂಶದ ಮೂರನೇ ಅಂಕಿ ತಪ್ಪಿದರೂ ಮೂವತ್ತು ಮೈಲಿ ವಾಪಸು ಹೋಗಿ ಮತ್ತೆ ಅಳೆದು ಬರುವವಳು. ಬೇಸಿಗೆಯಲ್ಲಿ ಇದೇ ಅರ್ಜಿಗಳನ್ನು ಹಿಡಿದು ನೀರೆತ್ತುವ ಗಾಳಿ ರಾಟೆಯಿಂದಾಚೆಯ ನಲವತ್ತೊಂದು ಮಂದಿಯ ಮನೆಗೂ ಹೋಗಿದ್ದೆ. ಎಲ್ಲರೂ ನನ್ನೆದುರೇ ಬರೆದರು. ಎಲ್ಲರೂ ಸೂರ್ಯ ಹುಟ್ಟುವ ಕಡೆಯನ್ನು ಮೇಲಿಟ್ಟು ಬರೆದರು. ನಮ್ಮ ಎಂಟು ಮೂಲೆಯ ಮಣ್ಣಿನ ಮನೆಯ, ಹೋಗನ್ನಿನ, ಬಾಗಿಲು ಆ ಕಡೆಗೇ ಇರುವುದು. ದಿನ ಅಲ್ಲಿಂದ ಶುರುವಾಗುತ್ತದೆ, ಪ್ರಾರ್ಥನೆ ಅಲ್ಲಿಂದ, ಪೆನ್ಸಿಲ್ಲೂ ಅಲ್ಲಿಂದ. ಅಜ್ಜಿ ಕಾಗದದ ಕೆಳತುದಿಗೆ ಗಾಳಿ ರಾಟೆ ಬರೆದಳು, ಹಳ್ಳವನ್ನು ಮೇಲಕ್ಕೆ ಎಳೆದಳು, ತುದಿಯಲ್ಲಿ ಇಂಟು ಹಾಕಿದಳು. ನನ್ನ ಕಣ್ಣಿಗೆ ಎಲ್ಲವೂ ಸರಿಯಾಗಿಯೇ ಕಂಡಿತು.

ರಾಟೆಯಿಂದ ಪೂರ್ವಕ್ಕೆ ನಾಲ್ಕು ಮೈಲಿ ಹೋದರೆ ನಮ್ಮ ಮನೆ. ಸ್ಟಬ್ಸ್ ಕಾಗದದ ಮೇಲ್ಭಾಗವನ್ನು ಉತ್ತರ ಎಂದುಕೊಂಡ. ರಾಟೆಯಿಂದ ಉತ್ತರಕ್ಕೆ ನಾಲ್ಕು ಮೈಲಿ ಹೋದರೆ ಕಲ್ಲಿದ್ದಲ ವಿದ್ಯುತ್ ಸ್ಥಾವರದ ಬೂದಿ ಹೊಂಡ. ನಲವತ್ತೊಂದು ಮಂದಿಯ ಮನೆಗಳೂ ಎದ್ದು ಹೋಗಿ ಸ್ಥಾವರದ ಬೇಲಿಯೊಳಗೆ ಕೂತಿದ್ದವು. ಕೆಲವು ಹೊಂಡದಲ್ಲಿ, ಕೆಲವು ಕಲ್ಲಿದ್ದಲ ರಾಶಿಯ ಮೇಲೆ.

ಅರ್ಜಿ ತಿರಸ್ಕರಿಸಿದ ಪತ್ರಗಳು ಇಪ್ಪತ್ತೆಂಟು ಮೈಲಿ ದೂರದ ಅಂಗಡಿಯ ಅಂಚೆ ಪೆಟ್ಟಿಗೆಗೆ ಬಂದು ಬಿದ್ದಿದ್ದವು. ನಮಗೆ ಸಿಕ್ಕಿದ್ದು ನಿನ್ನೆ. ಹೆಸರು ಸೇರಿಸಲು ಇವತ್ತೇ ಕೊನೆ, ಸಂಜೆ ಐದಕ್ಕೆ ಕಿಂಡಿ ಮುಚ್ಚುತ್ತದೆ. ಎರಡು ಪಿಕಪ್ ಗಾಡಿಗಳಲ್ಲಿ ಹಿಡಿಸಿದಷ್ಟು ಜನ, ಹನ್ನೊಂದು ಮುದುಕ ಮುದುಕಿಯರು, ತೊಂಬತ್ತು ಮೈಲಿ ಬಂದಿದ್ದರು.

“ಕಾಗದ ತಿರುಗಿಸಿ ಸಾರ್,” ಅಂದೆ. “ಬಲಕ್ಕೆ ಕಾಲು ಸುತ್ತು ಅಷ್ಟೆ. ಎಲ್ಲ ಸರಿಹೋಗುತ್ತೆ.”

“ಬಾಣ ಅಚ್ಚಾಗಿದೆ, ನೋಡಿದ್ಯಾ? ಅದನ್ನ ತಿರುಗಿಸೋ ಅಧಿಕಾರ ನನಗಿಲ್ಲ.” ಅವನು ಕುರ್ಚಿಗೆ ಒರಗಿದ. “ನಲವತ್ತೊಂದು ಅರ್ಜಿ. ತಂದು ಕೊಟ್ಟವಳು ಒಬ್ಬಳೇ. ಒಂದು ವಿಳಾಸನೂ ನಿಜ ಅಲ್ಲ. ಇದಕ್ಕೆ ಕೋರ್ಟಲ್ಲಿ ಏನಂತಾರೆ ಅಂತ ಕಾಲೇಜಲ್ಲಿ ಹೇಳ್ಕೊಡ್ಲಿಲ್ವಾ? ನಿಮ್ಮ ಸಂಘದವರು ಧೂಳು ಅಳೆಯೋದೂ ಹೀಗೇನಾ?”

ಹಿಂದೆ ಸಾಲಿನಲ್ಲಿದ್ದ ಟೋಪಿಯ ಗಂಡಸೊಬ್ಬ ನಕ್ಕ. ಅವನು ಮೀನು ಹಿಡಿಯುವ ಪರವಾನಗಿಗೆ ಬಂದಿದ್ದ.

“ತಪ್ಪು ನಂದು. ಈಗ ಸರಿಮಾಡಿ ಕೊಡ್ತೀನಿ.”

“ನೀನಲ್ಲ. ಅವರವರೇ, ಅವರವರ ಕೈಯಲ್ಲಿ, ನನ್ನ ಕಣ್ಣೆದುರು ಬರೀಬೇಕು. ನೀನು ಪೆನ್ಸಿಲ್ ಮುಟ್ಟಿದ್ಯೋ, ಪೊಲೀಸನ್ನ ಕರೀತೀನಿ. ಮುಂದೆ ಯಾರು?”

ಸಾಲಿನಿಂದ ಸರಿಯುವಾಗ ಕುಂಟು ಕಾಲಿನ ಎಲೂಯಿಸ್ ದೊಡ್ಡಮ್ಮ ಕಕ್ಕಸು ಎಲ್ಲಿ ಎಂದು ಕೇಳಿದಳು. ನಾನು ಕಿಂಡಿಯಲ್ಲಿ ಕೇಳಿದೆ. “ಸಿಬ್ಬಂದಿಗೆ ಮಾತ್ರ,” ಅಂದ ಸ್ಟಬ್ಸ್. “ಪೆಟ್ರೋಲ್ ಬಂಕಿಗೆ ಹೋಗಿ.” ಸ್ವಲ್ಪ ಹೊತ್ತಿಗೆ ಮೀನಿನ ಪರವಾನಗಿಯವನು ಅದೇ ಕಕ್ಕಸಿನಿಂದ ಕೈ ಒರೆಸಿಕೊಳ್ಳುತ್ತ ಬರುವುದನ್ನು ದೊಡ್ಡಮ್ಮ ನೋಡಿದಳು. ಕೋಲೂರಿಕೊಂಡು ಬಂಕಿನ ಕಡೆ ಹೊರಟಳು.

ಗಾಡಿಗಳ ನೆರಳಿನಲ್ಲಿ ಎಲ್ಲರೂ ಕೂತಿದ್ದರು. ಕರಿದ ರೊಟ್ಟಿಯೊಳಗೆ ತಣ್ಣಗಿನ ಕುರಿಮಾಂಸ ಮಡಚಿಟ್ಟ ಪೊಟ್ಟಣ ಕೈಯಿಂದ ಕೈಗೆ ಹೋಗುತ್ತಿತ್ತು. ಎರಡೂ ಮುಕ್ಕಾಲು ಆಗಿತ್ತು. ನಾನು ಪೆನ್ಸಿಲ್ ಚೂಪು ಮಾಡಿ, ಹೊಸ ಅರ್ಜಿಯನ್ನು ಅಜ್ಜಿಯ ತೊಡೆಯ ಮೇಲಿಟ್ಟೆ.

“ಈ ಬಾಣ ಮ್ಯಾಲಿರ್ಬೇಕು ಅಜ್ಜಿ. ರಾಟೆ ಎಡಕ್ಕೆ ಬರಿ, ಮನೆ ಬಲಕ್ಕೆ. ಎರಡು ನಿಮಿಷದ ಕೆಲ್ಸ. ಒಳಗೋಗಿ ಅವನೆದ್ರು ಹಿಂಗೇ ಬರೆದ್ರೆ ಆಯ್ತು.”

ಅಜ್ಜಿ ಬಾಣವನ್ನು ನೋಡಿದಳು. “ಇದು ಯಾವ ಕಡೆ?”

“ಉತ್ತರ.”

ಅವಳು ಅಗಿಯುವುದನ್ನು ನಿಲ್ಲಿಸಿದಳು. “ಆ ಕಡೇನ ತಲೆ ಮ್ಯಾಲೆ ಇಡು ಅಂತಿದೀಯಾ?”

“ಬರೀ ಕಾಗ್ದ ಅಜ್ಜಿ ಇದು.”

“ಬರೀ ಕಾಗ್ದ ಆಗಿದ್ರೆ ಅವನ್ಯಾಕೆ ಬಾಣ ಬಾಣ ಅಂತ ಬಾಯ್ ಬಡ್ಕೊಂತಾನೆ?”

ಒಂಬತ್ತು ವರ್ಷದ ಹಿಂದೆ ನನ್ನ ತಾತ ನಮ್ಮ ಹಳೆಯ ಹೋಗನ್ನಿನೊಳಗೇ ತೀರಿಕೊಂಡ. ಸತ್ತವರ ಹೆಸರನ್ನು ನಾವು ಹೇಳುವುದಿಲ್ಲ, ನಾನೂ ಹೇಳುವುದಿಲ್ಲ. ಸ್ಥಾವರದಲ್ಲಿ ಬೂದಿ ಸಾಗಿಸುವ ಕೊಳವೆಗಳನ್ನು ಇಪ್ಪತ್ತಾರು ವರ್ಷ ಉಜ್ಜಿದವನು. ಕೊನೆಯ ಚಳಿಗಾಲ ಮಲಗಲಾಗದೆ, ಕೂತೇ ಉಸಿರು ಹುಡುಕಿದ. ಮನೆಯೊಳಗೆ ಯಾರಾದರೂ ತೀರಿಕೊಂಡರೆ ಬಾಗಿಲಿನಿಂದ ಹೊರತರುವುದಿಲ್ಲ. ಉತ್ತರದ ಗೋಡೆ ಒಡೆದು ಅಲ್ಲಿಂದ ತರುತ್ತಾರೆ. ಆಮೇಲೆ ಆ ಮನೆಯಲ್ಲಿ ಯಾರೂ ಇರುವುದಿಲ್ಲ. ಅಜ್ಜಿ ದೂರದಲ್ಲಿ ಬೇರೆ ಮನೆ ಕಟ್ಟಿಕೊಂಡಳು. ಉತ್ತರಕ್ಕೆ ತೂತು ಬಿದ್ದ ಹಳೆಯ ಮನೆ ಹಾಗೇ ನಿಂತಿದೆ. ಕುರಿಗಳೂ ಅದರ ನೆರಳಿಗೆ ಹೋಗುವುದಿಲ್ಲ.

“ಅವರು ಹೋದ ದಿಕ್ಕು ಅದು,” ಅಜ್ಜಿ ಅಂದಳು. “ಬದುಕಿರೋ ಮನೇನ ನನ್ ಕೈಯಾರೆ ಆ ಕಡೀಕೆ ತಿರುಗ್ಸಾಕಿಲ್ಲ ಕಣೆ ಕೂಸೆ. ಓಟೂ ಬ್ಯಾಡ, ಅದರಪ್ಪನೂ ಬ್ಯಾಡ.”

“ಹೋದ ಸಲ ಇಪ್ಪತ್ತೊಂಬತ್ತು ಓಟಲ್ಲಿ ಸೋತಿದೀವಿ ಅಜ್ಜಿ! ಇಪ್ಪತ್ತೊಂಬತ್ತು! ನಾವು ನಲವತ್ತೊಂದು ಜನ ಇದೀವಿ.”

ನವೆಂಬರಿನ ಮತಪತ್ರದ ಕೊನೆಯಲ್ಲಿ ಒಂದು ಪ್ರಶ್ನೆ ಇತ್ತು. ಸ್ಥಾವರಕ್ಕೆ ಇನ್ನೂ ಇಪ್ಪತ್ತು ವರ್ಷ ಪರವಾನಗಿ ಕೊಡಬೇಕೆ? ಬೇಡ ಎಂಬುದು ಗೆದ್ದರೆ ಹಳೆಯ ಗಣಿಯ ನೆಲಕ್ಕೆ ಸೌರ ಫಲಕಗಳು ಬರುತ್ತಿದ್ದವು, ಅಲ್ಲಿಂದ ನಮ್ಮ ಮನೆಗಳಿಗೆ ಒಂದು ತಂತಿ. ಈಗಿರುವ ತಂತಿಗಳು ನಮ್ಮ ತಲೆಯ ಮೇಲಿಂದ ದೂರದ ಪಟ್ಟಣಗಳಿಗೆ ಹೋಗುತ್ತವೆ. ಮಂಜು ಬಿದ್ದ ದಿನ ಬಾಣಲೆಯಲ್ಲಿ ಕೊಬ್ಬು ಕಾದಂತೆ ಚುರುಗುಟ್ಟುತ್ತವೆ. ಅವುಗಳ ಕೆಳಗೆ ಅಜ್ಜಿ ಸೀಮೆಎಣ್ಣೆ ದೀಪ ಹಚ್ಚುತ್ತಾಳೆ. ಗಾಳಿ ಕದಲದ ಜನವರಿಯ ಬೆಳಗುಗಳಲ್ಲಿ ಅವಳ ಮನೆಯ ಮೇಲಿನ ನನ್ನ ಪೆಟ್ಟಿಗೆ ತೋರಿಸುವ ಧೂಳು ಈ ಕೌಂಟಿ ಪಟ್ಟಣದ ಧೂಳಿನ ಮೂರೂವರೆ ಪಟ್ಟು.

“ಹಂಗಾದ್ರೆ ಇನ್ನಿಪ್ಪತ್ತು ವರ್ಷ ಬೂದೀನೇ ಉಣ್ಣು,” ಅಂದುಬಿಟ್ಟೆ. “ನಿಂಗೂ ಗೋಡೆ ಒಡೀತೀನಿ ನಾನು.”

ಎಲೂಯಿಸ್ ದೊಡ್ಡಮ್ಮ ನೆಲ ನೋಡಿದಳು. ಅಂಥ ಮಾತನ್ನು ಬದುಕಿರುವವರ ಮುಖಕ್ಕೆ ಯಾರೂ ಆಡುವುದಿಲ್ಲ.

ಹೋಸ್ಕಿ ತಾತ ಕೆಮ್ಮಿ, ಕ್ಯಾಕರಿಸಿ ಉಗಿದು, ಎದ್ದು ನಿಂತ. ಎಂಬತ್ತರ ಆಳು; ಅಜ್ಜಿಗೆ ಕುಲದಲ್ಲಿ ತಮ್ಮ. “ನನ್ ಮನೆ ಎಲ್ಲೈತಂತಮ್ಮ ಅವನ ಲೆಕ್ಕದಲ್ಲಿ?”

“ಮೂರನೇ ಚಿಮಣಿ ಬುಡದಲ್ಲಿ ತಾತ.”

“ಅದ್ಕೇ ಮತ್ತೆ ಬೆಳಗೆದ್ರೆ ಕೆಮ್ಮು.” ಒಂದಿಬ್ಬರು ನಕ್ಕರು. “ಅಕ್ಕ, ನೀ ಸುಮ್ನಿರು. ಸೈನ್ಯದಲ್ಲಿ ನಂಗೆ ಅವರ ನಕ್ಸೆ ಕಲ್ಸವ್ರೆ. ಉತ್ತರ ಮ್ಯಾಲಿಟ್ಕೊಂಡೇ ಎರಡು ವರ್ಷ ಫಿರಂಗಿ ಹೊಡ್ದಿವ್ನಿ. ಮೊದ್ಲು ನಂದು ಆಗ್ಲಿ. ಅದ ನೋಡಿ ಬರೆಯೋರು ಬರೀಲಿ, ಬಿಡೋರು ಬಿಡ್ಲಿ.”

ಸಾಲು ಮತ್ತೆ ಬೆಳೆದಿತ್ತು. ಹೋಸ್ಕಿ ತಾತನ ಸರದಿ ಬಂದಾಗ ನಾಲ್ಕಕ್ಕೆ ಐದು ನಿಮಿಷ. ಅವನು ಕಿಂಡಿಯ ಕಟ್ಟೆಯ ಮೇಲೆ ಬಗ್ಗಿ, ನಾಲಿಗೆಯ ತುದಿ ಕಚ್ಚಿಕೊಂಡು ಬರೆದ. ರಾಟೆ ಎಡಕ್ಕೆ, ಮನೆ ಬಲಕ್ಕೆ, ನಡುವೆ ಹಳ್ಳ, ಕೆಳಗೆ ಮೈಲಿಯ ಅಳತೆಯ ಪಟ್ಟಿ ಕೂಡ. ನಾನು ಕಾಲೇಜಿನಲ್ಲಿ ನೋಡಿದ ಎಷ್ಟೋ ನಕ್ಷೆಗಳಿಗಿಂತ ಅದು ಅಚ್ಚುಕಟ್ಟಾಗಿತ್ತು.

ಸ್ಟಬ್ಸ್ ಅದನ್ನು ತಿರುಗಿಸಿ ಮುರುಗಿಸಿ ನೋಡಿದ. ಹಳೆಯ ಅರ್ಜಿಯನ್ನು ತೆಗೆದು ಪಕ್ಕಕ್ಕಿಟ್ಟ.

“ಈಗ ನಿನಗೆ ಎರಡು ಮನೆ ಆಯ್ತು,” ಅಂದ. “ಜುಲೈನಲ್ಲಿ ಒಂದು ಕಡೆ, ಅಕ್ಟೋಬರಲ್ಲಿ ಇನ್ನೊಂದು ಕಡೆ. ಎರಡರ ಕೆಳಗೂ ಇದು ಸತ್ಯ ಅಂತ ನಿನ್ನದೇ ಸಹಿ. ಯಾವುದಪ್ಪ ಸುಳ್ಳು?”

“ಮತ್ತೆ ಬರೀರಿ ಅಂತ ನೀವೇ ಹೇಳಿದ್ದು,” ಅಂದೆ.

“ಬರೀರಿ ಅಂದೆ. ಒಪ್ತೀನಿ ಅಂದ್ನಾ?”

ಎರಡೂ ಕಾಗದಗಳ ಮೇಲೆ ಕೆಂಪು ಮುದ್ರೆ ಒತ್ತಿದ. ಏನಾಯಿತೆಂದು ನಾನು ಹೇಳುವ ಮೊದಲೇ ಹೋಸ್ಕಿ ತಾತನಿಗೆ ಅರ್ಥವಾಗಿತ್ತು. ಅವನು ಗಾಜಿಗೆ ಮುಖ ತಾಗುವಷ್ಟು ಹತ್ತಿರ ಹೋದ.

“ಯುದ್ಧಕ್ಕೆ ಬಾ ಅಂತ ಕರ್ದ ಕಾಗ್ದ ನಮ್ಮನೆಗೆ ಸರಿಯಾಗೇ ಬಂತಲ್ಲೋ ಮುಂಡೇಮಗ್ನೇ. ಆವಾಗ ಅದು ಬೂದಿ ಹೊಂಡಕ್ಕೆ ಹೋಗ್ಲಿಲ್ಲ. ಹೇಳಮ್ಮ ಅವನಿಗೆ. ಒಂದ್ ಮಾತೂ ಬಿಡ್ದಂಗೆ ಹೇಳು.”

ಈ ಸಲ ನಾನು ಎಲ್ಲವನ್ನೂ ಹೇಳಿದೆ. ಬೈಗುಳವನ್ನೂ.

ಸ್ಟಬ್ಸ್‌ನ ಕುತ್ತಿಗೆ ಕೆಂಪಾಯಿತು. ಪಕ್ಕದ ಬಾಗಿಲು ತೆರೆದು ಅವನು ಹೊರಗೇ ಬಂದ. “ಬನ್ನಿ. ಎಲ್ರೂ ಬನ್ನಿ. ನಕ್ಷೆ ಅಂದ್ರೆ ಏನು ಅಂತ ತೋರಿಸ್ತೀನಿ.” ಪಡಸಾಲೆಯ ಕೊನೆಯ ಗೋಡೆಯ ಮೇಲೆ ಬಾಗಿಲಿನಷ್ಟು ದೊಡ್ಡ ಕೌಂಟಿ ನಕ್ಷೆ ಇತ್ತು, ಹಲಗೆಗೆ ಅಂಟಿಸಿ ಮೇಲೆ ಪ್ಲಾಸ್ಟಿಕ್ ಹೊದಿಸಿದ್ದು. ನಮ್ಮವರು ಬೆರಳು ಮಾಡಿ ತೋರಿಸುವುದಿಲ್ಲ, ತುಟಿ ಮುಂದೆ ಮಾಡಿ ತೋರಿಸುತ್ತಾರೆ. ಸ್ಟಬ್ಸ್ ಮೊದಲು ಅಜ್ಜಿಯ ಮುಖಕ್ಕೆ ಬೆರಳು ಮಾಡಿದ, ಆಮೇಲೆ ನಕ್ಷೆಗೆ ಕುಟ್ಟಿದ.

“ಇದು ಸ್ಥಾವರ. ಇದು ಹೊಂಡ. ಇದು ಹೈಟೆನ್ಷನ್ ಲೈನು. ನೀವು ಬದುಕ್ತಿದೀವಿ ಅನ್ನೋ ಜಾಗ ಇದು. ಏನಿದೆ ಇಲ್ಲಿ? ಓದು.”

ಓದಲು ಏನೂ ಇರಲಿಲ್ಲ. ರಾಟೆಯಿಂದ ಗುಡ್ಡಗಳವರೆಗೆ ತೆಳು ಹಳದಿ ಬಣ್ಣ. ಅದರ ಮೇಲೆ ತಂತಿಯ ಗೆರೆ ಮಾತ್ರ ಹಾದುಹೋಗಿತ್ತು. ತಂತಿಯ ಕಂಬಕ್ಕೊಂದು ಚುಕ್ಕೆ, ಚುಕ್ಕೆಗೊಂದು ಸಂಖ್ಯೆ.

“ಕಂಬ ನೂರಾ ಹದಿನೆಂಟು,” ಅಂದೆ. “ನಮ್ಮ ಮನೆ ಅದರ ಕೆಳಗಿದೆ.”

“ಲೈನಿನ ಕೆಳಗೆ ವಾಸ ಮಾಡೋದು ಅಪರಾಧ. ಅದನ್ನೂ ಬರ್ಕೊಳ್ಳಾ?”

ಅಜ್ಜಿ ನಮ್ಮಿಬ್ಬರ ಮಾತಿಗೆ ಕಿವಿಗೊಟ್ಟಿರಲಿಲ್ಲ. ಕತ್ತು ಓರೆ ಮಾಡಿ ನಕ್ಷೆಯನ್ನೇ ನೋಡುತ್ತಿದ್ದಳು. “ಇದು ಭೂಮೀನಾ?”

“ಹೂಂ ಅಜ್ಜಿ. ಇಡೀ ಕೌಂಟಿ.”

“ಮತ್ಯಾಕೆ ಗೋಡೆಗೆ ನೇತಾಕವ್ರೆ? ಭೂಮಿ ಎಲ್ಲಾದ್ರೂ ನೆಟ್ಟಗೆ ನಿಂತ್ಕಂತದಾ?” ಅವಳು ತುಟಿಯಿಂದ ನೆಲ ತೋರಿಸಿದಳು. “ಇಳ್ಸು ಕೆಳೀಕೆ.”

ನಾನು ಒಂದು ಕ್ಷಣ ನಿಂತೆ. ಹೋಸ್ಕಿ ತಾತ ನಿಲ್ಲಲಿಲ್ಲ. ಅವನು ಒಂದು ಬದಿ ಹಿಡಿದ, ನಾನು ಇನ್ನೊಂದು ಬದಿ ಹಿಡಿದೆ. ಹಲಗೆ ಕೊಕ್ಕೆಯಿಂದ ಕಳಚಿ ಬಂತು.

“ಏಯ್! ಅದು ಕೌಂಟಿಯ ಆಸ್ತಿ! ಮುಟ್ಬೇಡಿ!” ಸ್ಟಬ್ಸ್ ಕೂಗಿಕೊಂಡು ಫೋನಿನ ಕಡೆ ಓಡಿದ.

ನೆಲದ ಮೇಲಿಟ್ಟೆವು. ಅಜ್ಜಿ ಕಿಟಕಿಯಿಂದ ಬೀಳುತ್ತಿದ್ದ ಇಳಿಹೊತ್ತಿನ ಬಿಸಿಲು ನೋಡಿದಳು, ಅದಕ್ಕೆ ಬೆನ್ನು ಹಾಕಿ ನಿಂತಳು, ಹಲಗೆಯ ಮೂಲೆ ಹಿಡಿದು ಸ್ವಲ್ಪ ಸ್ವಲ್ಪವೇ ತಿರುಗಿಸಿದಳು. ನಕ್ಷೆಯ ಪೂರ್ವ ಪೂರ್ವಕ್ಕೆ ಬಂತು, ಉತ್ತರ ಉತ್ತರಕ್ಕೆ ಹೋಯಿತು. ಅದಕ್ಕೆ ಈಗ ಮೇಲೂ ಇರಲಿಲ್ಲ, ಕೆಳಗೂ ಇರಲಿಲ್ಲ. ಕಾಲೇಜಿನಲ್ಲಿ ಅಷ್ಟು ವರ್ಷ ಇದ್ದು ನನಗೆ ಇದು ಹೊಳೆದಿರಲಿಲ್ಲ.

ಸೂರ್ಯ ತಿರುಗುವ ದಿಕ್ಕಿನಲ್ಲಿ ಒಂದು ಸುತ್ತು ನಡೆದು, ಹೋಗನ್ನಿನೊಳಗೆ ಕೂರುವಂತೆ ಅವಳು ಕೂತಳು. ಉಳಿದವರೂ ಸುತ್ತಲೂ ಕೂತರು.

“ಪೆನ್ಸಿಲ್ ಕೊಡು.”

ಪ್ಲಾಸ್ಟಿಕ್ಕಿನ ಮೇಲೆ ಪೆನ್ಸಿಲ್ ಹಿಡಿಯುವುದಿಲ್ಲ. ಧೂಳಿನ ಡಬ್ಬಿಗಳ ಮೇಲೆ ಬರೆಯಲು ಇಟ್ಟುಕೊಂಡಿದ್ದ ಕಪ್ಪು ಪೆನ್ನು ಚೀಲದಲ್ಲಿತ್ತು. ಬಿಸಿಲಿಗೂ ಮಳೆಗೂ ಅಳಿಸದಂಥದು. ಅದನ್ನು ಅವಳ ಕೈಗೆ ಕೊಟ್ಟೆ.

ಅಜ್ಜಿ ಮೊದಲು ರಾಟೆ ಬರೆದಳು, ಆಮೇಲೆ ಹಳ್ಳ. ಎಲೂಯಿಸ್ ದೊಡ್ಡಮ್ಮನ ಮನೆಗೆ ಇಂಟು ಹಾಕಿದಳು.

“ಅಲ್ಲಲ್ಲ ಅಕ್ಕ, ನನ್ ದೊಡ್ಡಿ ಹಳ್ಳದ ಆಚೀಗೈತೆ.”

“ಆಚೀಗೆ ನಿನ್ ಮೈದುನಂದು ಕಣೆ. ನಿನ್ ಕುರಿ ದಿನಾ ಹಳ್ಳ ದಾಟ್ತವೆ ಅಂತ ಜಾಗಾನೂ ನಿಂದೇನಾ?”

“ಮೈದುನಂದೂ ಹಾಕು ಮತ್ತೆ. ಅವನ ಗಾಡಿ ಕೆಟ್ಟೈತೆ, ಬರಾಕಾಗ್ಲಿಲ್ಲ.”

ಮೈದುನನದೂ ಬಂತು. ಬಾರದಿದ್ದವರ ಮನೆಗಳೆಲ್ಲ ಒಂದೊಂದಾಗಿ ಬಂದವು. ಪೆನ್ನು ಕೈಯಿಂದ ಕೈಗೆ ಹೋಯಿತು. ಹೋಸ್ಕಿ ತಾತ ಗೇಣು ಹಾಕಿ ಮೈಲಿ ಅಳೆದು ಹೇಳುತ್ತಿದ್ದ. ಜಗಳ ಆಯಿತು, ನಗು ಆಯಿತು. ಹಳದಿ ಬಣ್ಣದ ಮೇಲೆ ಕಪ್ಪು ಗುರುತುಗಳು ತುಂಬುತ್ತ ಬಂದವು. ನಾನು ಎಣಿಸುತ್ತಿದ್ದೆ. ನಲವತ್ತಾದಾಗ ಪೆನ್ನು ಅಜ್ಜಿಯ ಕೈಗೆ ವಾಪಸು ಬಂತು. ಹಿರಿಯಳಾದ್ದರಿಂದ ಅವಳು ತನ್ನದನ್ನು ಕೊನೆಗೆ ಇಟ್ಟುಕೊಂಡಿದ್ದಳು. ಗೋಡೆಯ ಗಡಿಯಾರದಲ್ಲಿ ಐದಕ್ಕೆ ಹತ್ತು ನಿಮಿಷ.

“ಇವರೇ,” ಅಂದ ಸ್ಟಬ್ಸ್, ತನ್ನ ಹಿಂದೆ ಬಂದ ಪೊಲೀಸ್ ಪೇದೆಗೆ.

ಪೇದೆ ಎತ್ತರದ ಹುಡುಗ, ಏನೋ ಅಗಿಯುತ್ತಿದ್ದ. “ಮುದುಕಿ, ಪೆನ್ನು ಕೆಳಗಿಡು. ಎದ್ದೇಳು.”

ಅಜ್ಜಿ ಏಳಲಿಲ್ಲ. ಅವನು ಎರಡು ಹೆಜ್ಜೆ ಮುಂದೆ ಬಂದು ಹಲಗೆಯ ಮೇಲೇ ಕಾಲಿಟ್ಟ. ಹೊಸದಾಗಿ ಪಾಲಿಶ್ ಮಾಡಿದ ಕಂದು ಬೂಟು. ಅದರ ಆಚೆ ತುದಿಗೆ ನೂರಾ ಹದಿನೇಳನೇ ಕಂಬ ಕಾಣುತ್ತಿತ್ತು, ಈಚೆ ತುದಿಗೆ ನೂರಾ ಹತ್ತೊಂಬತ್ತನೆಯದು.

“ನಮ್ಮನೆ ಮ್ಯಾಲೆ ನಿಂತವ್ನೆ, ಸರೀಲಿಕ್ಕೆ ಹೇಳು.”

ಹೇಳಿದೆ. ಪೇದೆ ಕೆಳಗೆ ನೋಡಿದ. “ಇಲ್ಲಿ ಯಾವ ಮನೇನೂ ಇಲ್ಲ,” ಅಂದ. ಬೂಟು ಕದಲಲಿಲ್ಲ.

ಹಿಂದೆ ಕಿಂಡಿಯ ಷಟರ್ ಎಳೆದ ಸದ್ದು. ಇನ್ನೂ ಎಂಟು ನಿಮಿಷ ಇತ್ತು.

ಅಜ್ಜಿ ಮುಂದೆ ಬಗ್ಗಿದಳು. ಗೊರಸು ಕತ್ತರಿಸಲು ಕುರಿಯ ಕಾಲು ಹಿಡಿಯುವಂತೆ ಎಡಗೈಯಲ್ಲಿ ಬೂಟಿನ ಹಿಮ್ಮಡಿಯನ್ನು ಗಟ್ಟಿಯಾಗಿ ಹಿಡಿದಳು. ಬಲಗೈಯಲ್ಲಿ ಅದರ ಮೂತಿಯ ಮೇಲೆ ಮೂಲೆಯಿಂದ ಮೂಲೆಗೆ ಒಂದು ಗೆರೆ ಎಳೆದಳು.

“ಏಯ್! ಏಯ್!” ಪೇದೆಯ ಕೈ ಅವಳ ಭುಜದ ಮೇಲೆ ಬಿತ್ತು. ಮಖಮಲ್ಲಿನ ರವಿಕೆಯ ಹೊಲಿಗೆ ಪರ್ರೆಂದು ಬಿಟ್ಟಿತು. ಹೋಸ್ಕಿ ತಾತ ಎದ್ದ. ನಾನೂ ಎದ್ದೆ.

ಅಜ್ಜಿ ಹಿಡಿದ ಹಿಮ್ಮಡಿ ಬಿಡದೆ, ಅಡ್ಡಲಾಗಿ ಎರಡನೇ ಗೆರೆಯನ್ನು ಒತ್ತಿ ಎಳೆದು ನಲವತ್ತೊಂದನೇ ಇಂಟನ್ನು ಮುಗಿಸಿದಳು.